ಅಂದಾಜು ಪಟ್ಟಿಯಲ್ಲಿ ಇಲ್ಲದ ಕಾಲುವೆ

2021ರ ನವೆಂಬರ್ ಮಳೆಯನ್ನು ಕೋಲಾರ ಜಿಲ್ಲೆಯವರು ಯಾರೂ ಮರೆತಿಲ್ಲ. ವರ್ಷಗಟ್ಟಲೆ ಒಣಗಿ, ಜಾಲಿ ಬೆಳೆದು, ಹುಡುಗರ ಕ್ರಿಕೆಟ್ ಮೈದಾನಗಳಾಗಿದ್ದ ಕೆರೆಗಳು ಒಂದರ ಹಿಂದೆ ಒಂದು ತುಂಬಿ ಕೋಡಿ ಹರಿದವು. ಟೊಮೆಟೊ ತೋಟಗಳು ನಿಂತಲ್ಲೇ ಕೊಳೆತವು, ಮಣ್ಣಿನ ಗೋಡೆಗಳು ಕುಸಿದವು. ಆದರೂ ಜನ ಮೊರದಲ್ಲಿ ಅರಿಸಿನ, ಕುಂಕುಮ, ಕುಪ್ಪಸದ ಬಟ್ಟೆ ಇಟ್ಟುಕೊಂಡು ಕೆರೆಗೆ ಬಾಗಿನ ಕೊಡಲು ಹೊರಟರು. ಪಕ್ಕದ ಊರಿನ ಕೋಡಿ ನೋಡಲು ನಮ್ಮ ಊರಿನಿಂದ ಟ್ರ್ಯಾಕ್ಟರ್ ಹತ್ತಿ ಹೋದವರಲ್ಲಿ ನಾನೂ ಇದ್ದೆ.

ನಮ್ಮ ಕೆರೆಗೆ ಮಾತ್ರ ಯಾರೂ ಬಾಗಿನ ಕೊಡಲಿಲ್ಲ. ಅದು ಅರ್ಧವೂ ತುಂಬಿರಲಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ಸರ್ಕಾರದ ಹಣದಲ್ಲಿ ಆ ಕೆರೆಯ ಹೂಳು ತೆಗೆದಿದ್ದರು. ಏರಿಗೆ ಮಣ್ಣು ಹಾಕಿ ರೋಲರ್ ಓಡಿಸಿದ್ದರು, ಒಳಮೈಗೆ ಕಲ್ಲು ಜೋಡಿಸಿದ್ದರು, ಬಟ್ಟೆ ಒಗೆಯುವವರಿಗೆಂದು ಮೆಟ್ಟಿಲು ಕಟ್ಟಿದ್ದರು, ಏರಿ ಶುರುವಾಗುವಲ್ಲಿ ಒಂದು ಕಮಾನನ್ನೂ ನಿಲ್ಲಿಸಿದ್ದರು. ಕೆಲಸ ಕಳಪೆಯಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಜೋಡಿಸಿದ ಕಲ್ಲು ಇಂದಿಗೂ ಅಲುಗಿಲ್ಲ. ಆದರೆ ನೀರು ಬರಲಿಲ್ಲ.

ಆ ದಿನ ಸಂಜೆ ನನ್ನ ತಾತ ಕೊಡೆ ಹಿಡಿದು ಏರಿಯ ಮೇಲೆ ನಿಂತಿದ್ದರು. ತೂಬಿನ ಎರಡನೆಯ ಕಲ್ಲಿನವರೆಗೆ ಮಾತ್ರ ನೀರು. ಅವರು ನನ್ನ ಕಡೆ ತಿರುಗದೆ ಹೇಳಿದರು: "ಹೊಟ್ಟೆ ದೊಡ್ಡದು ಮಾಡಿದರು ತಾಯಿ, ಬಾಯಿ ಹೊಲಿದುಬಿಟ್ಟರು."

ಕೆರೆಯ ಬಾಯಿ ಎಂದರೆ ಅದಕ್ಕೆ ನೀರು ತರುವ ಕಾಲುವೆ. ಗುಡ್ಡದ ಬುಡದಿಂದ ಕೆರೆಯವರೆಗೆ ಎರಡೂ ಕಾಲು ಕಿಲೋಮೀಟರ್ ಹರಿದು ಬರಬೇಕಾದ ನಮ್ಮ ರಾಜಕಾಲುವೆ ಅಷ್ಟು ಹೊತ್ತಿಗೆ ಕೆಲವು ಕಡೆ ನಾಲ್ಕು ಅಡಿಗೆ ಇಳಿದಿತ್ತು, ಕೆಲವು ಕಡೆ ಇತ್ತೆಂಬ ಗುರುತೇ ಇರಲಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ರಸ್ತೆಗೂ ಹೊಲಗಳಿಗೂ ನುಗ್ಗಿ ಇನ್ನೆಲ್ಲೋ ಹೋಯಿತು.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿಗೆ ಬಂದವು, ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು. ಮಕ್ಕಳು ಕಥೆ ಪುಸ್ತಕಕ್ಕೆ ಬರುತ್ತಾರೆ, ಹುಡುಗರು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ತಯಾರಿಗೆ ಬರುತ್ತಾರೆ, ಹಿರಿಯರು ಪತ್ರಿಕೆಗೆ ಬರುತ್ತಾರೆ. ಪಂಚಾಯಿತಿ ಕಚೇರಿ ಪಕ್ಕದಲ್ಲೇ ಇರುವುದರಿಂದ ಸಭೆಯ ನೋಟಿಸುಗಳನ್ನು ಮೊದಲು ಓದುವವರಲ್ಲಿ ನಾನೂ ಒಬ್ಬಳು. ಆ ಅನುಕೂಲ ಇಲ್ಲದಿದ್ದರೆ ಮುಂದೆ ನಾನು ಹೇಳುವ ಯಾವುದೂ ನಡೆಯುತ್ತಿರಲಿಲ್ಲವೇನೋ.

ತಾತ ನಮ್ಮ ಊರಿನ ಕೊನೆಯ ನೀರುಗಂಟಿ. ಈಗಿನ ಮಕ್ಕಳಿಗೆ ಆ ಪದ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೆರೆಯ ತೂಬು ಎತ್ತುವುದು, ಮುಚ್ಚುವುದು ನೀರುಗಂಟಿಯ ಕೆಲಸ. ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವರೇ ನಿಂತು ಹಾಯಿಸುತ್ತಿದ್ದರು. ಗದ್ದೆಯ ಒಡೆಯ ತನ್ನ ಗದ್ದೆಗೆ ತಾನೇ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಈ ಸಲ ಇಷ್ಟೇ ಗದ್ದೆ ನಾಟಿ ಎಂದು ಊರಿನ ಹಿರಿಯರು ತೀರ್ಮಾನಿಸುತ್ತಿದ್ದರು, ಆದರೆ ನೀರು ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ ಬರುತ್ತಿದ್ದುದು ನೀರುಗಂಟಿಯ ಬಾಯಿಂದ. ಮುಂಗಾರಿಗೆ ಮುನ್ನ ತಮಟೆ ಬಡಿದು ಮನೆಗೊಬ್ಬರನ್ನು ಕರೆಸಿ ಕಾಲುವೆ ತೋಡಿಸುತ್ತಿದ್ದವರೂ ಅವರೇ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಕೊಳಗ ಎಂದು ಆಯ ಸಿಗುತ್ತಿತ್ತು.

ಊರಿಗೆಲ್ಲ ನೀರು ಹಂಚುತ್ತಿದ್ದ ಮನುಷ್ಯ ಅರಳಿಕಟ್ಟೆಯ ಮೇಲೆ ಕೂರುವಂತಿರಲಿಲ್ಲ. ಕೆಳಗೆ ನಿಂತು ಲೆಕ್ಕ ಹೇಳಿ ಹಿಂದಿರುಗಬೇಕಿತ್ತು. ನಾವು ದಲಿತರು. ಈ ಮಾತನ್ನು ಬಿಟ್ಟು ಕಥೆ ಹೇಳಿದರೆ ಅದು ಪೂರ್ತಿಯಾಗುವುದಿಲ್ಲ, ಏಕೆಂದರೆ ಕೆರೆಯ ಬಗ್ಗೆ ಅತಿ ಹೆಚ್ಚು ತಿಳಿದವರನ್ನು ಕೆರೆಯ ಸಭೆಗೆ ಕರೆಯದಿರುವ ಪದ್ಧತಿ ಸರ್ಕಾರದ ಯೋಜನೆಗಳಿಂದ ಶುರುವಾದದ್ದಲ್ಲ. ಅದು ನಮ್ಮಲ್ಲೇ ಇತ್ತು. ಯೋಜನೆಗಳು ಅದನ್ನು ಹಾಗೆಯೇ ಮುಂದುವರಿಸಿದವು, ಅಷ್ಟೇ.

ಆಮೇಲೆ ಕೊಳವೆಬಾವಿಗಳು ಬಂದವು. ನೂರು ಅಡಿಯಲ್ಲಿ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು. ಮೋಟಾರು ಇರುವವನಿಗೆ ಕೆರೆ ಬೇಡವಾಯಿತು, ಕೆರೆ ಬೇಡವಾದ ಮೇಲೆ ನೀರುಗಂಟಿಗೆ ಆಯ ಕೊಡುವವರಿಲ್ಲ. ಕಾಲುವೆ ತೋಡುವ ದಿನ ಮನೆಗೊಬ್ಬರು ಬರುವುದು ನಿಂತ ವರ್ಷ ತಾತನಿಗೆ ಚೆನ್ನಾಗಿ ನೆನಪಿದೆ, ಅವರು ಅದನ್ನು ನನ್ನ ಅಮ್ಮನ ಮದುವೆಯ ಮುಂದಿನ ವರ್ಷ ಎಂದು ಹೇಳುತ್ತಾರೆ.

ಸರ್ಕಾರಕ್ಕೆ ಈ ಸಂಗತಿ ಗೊತ್ತಿರಲಿಲ್ಲ ಎಂದಲ್ಲ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಬಂದಾಗ ಅದನ್ನು ನಡೆಸಲು ಜಲ ಸಂವರ್ಧನೆ ಯೋಜನಾ ಸಂಘವೆಂಬ ಸಂಸ್ಥೆಯನ್ನೇ ಕಟ್ಟಿದರು. ಕೋಲಾರ, ತುಮಕೂರು ಜಿಲ್ಲೆಗಳೂ ಅದರಲ್ಲಿದ್ದವು. ಊರಿನವರದೇ ಕೆರೆ ಬಳಕೆದಾರರ ಸಂಘ ಇರಬೇಕು, ಕೆಲಸವನ್ನು ಅವರೇ ಯೋಚಿಸಿ ಮಾಡಿಸಬೇಕು, ಮುಗಿದ ಮೇಲೆ ಅವರೇ ನೋಡಿಕೊಳ್ಳಬೇಕು ಎಂಬುದು ಅದರ ತಿರುಳು. ನಮ್ಮ ಊರು ಪಟ್ಟಿಯಲ್ಲಿ ಇರಲಿಲ್ಲ, ನನ್ನ ಸೋದರಮಾವನ ಊರು ಇತ್ತು. ನಾನಾಗ ಹೈಸ್ಕೂಲು. ರಜೆಗೆ ಹೋದಾಗ ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುವುದನ್ನು ಕಂಡೆ. ನೀಲಿ ಪುಡಿಯಲ್ಲಿ ಕೆರೆ, ಹಸಿರಿನಲ್ಲಿ ಗುಂಡುತೋಪು, ಬಿಳಿಯಲ್ಲಿ ಮನೆಗಳು. ನನ್ನ ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತು ಕಾಲುವೆಯ ಗೆರೆ ಎಳೆದರು. ಊರಿನ ಗಂಡಸರು ಸುತ್ತ ನಿಂತು ನೋಡಿದರು. ಆ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಸಂಘದ ಲೆಕ್ಕದ ಪುಸ್ತಕವನ್ನು ಮೊನ್ನೆ ಮೊನ್ನೆ ಮಾವನ ಮನೆಯಲ್ಲಿ ನೋಡಿದೆ. ಕೊನೆಯ ಬರಹ 2013ರದು. ನಾಲ್ಕು ವರ್ಷ ಮಳೆ ಕೈಕೊಟ್ಟಿತು, ಕೆರೆಯಲ್ಲಿ ನೀರಿಲ್ಲದೆ ಸಂಘಕ್ಕೆ ಕೆಲಸವಿಲ್ಲ, ಕೆಲಸವಿಲ್ಲದೆ ಸಭೆಯಿಲ್ಲ. ಇದಕ್ಕೆ ಯೋಜನೆಯನ್ನು ದೂರಲು ನನಗೆ ಮನಸ್ಸಿಲ್ಲ. ಬರದ ವರ್ಷದಲ್ಲೇ ಕಾಲುವೆ ತೋಡಬೇಕು ಎಂಬ ಹಳೆಯ ತಿಳಿವಳಿಕೆ ಸಂಘದ ಒಳಗೆ ಇಳಿಯಲಿಲ್ಲ.

ನಮ್ಮ ಕೆರೆಯ ಮಾತಿಗೆ ಬರುತ್ತೇನೆ. ತಾತನ ಮಾತು ಕೇಳಿದ ಮೇಲೆ ನನಗೆ ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಅಷ್ಟು ಹಣದಲ್ಲಿ ಕಾಲುವೆಗೆ ಎಷ್ಟು ಇಟ್ಟಿದ್ದರು? ಕೇಳಿದವರೆಲ್ಲ ಇನ್ನೊಬ್ಬರ ಕಡೆ ಕೈ ತೋರಿಸಿದರು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಪುಟಕ್ಕೆ ಎರಡು ರೂಪಾಯಿಯಂತೆ ಹನ್ನೊಂದು ಪುಟ ಬಂತು. ಅಂದಾಜು ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಮ್ಮ ಊರಿನಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷಿನಲ್ಲಿ ಬರೆದ ಊರಿನ ಕೆರೆಯನ್ನು ಊರಿನವರು ಎಲ್ಲಿಂದ ಓದುತ್ತಾರೆ? ನಾನು ನಾಲ್ಕು ರಾತ್ರಿ ನಿಘಂಟು ಇಟ್ಟುಕೊಂಡು, ಗೊತ್ತಿಲ್ಲದ್ದನ್ನು ಸಿವಿಲ್ ಡಿಪ್ಲೊಮಾ ಓದುತ್ತಿರುವ ಚಿಕ್ಕಪ್ಪನ ಮಗನನ್ನು ಕೇಳಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಬರೆದೆ. ಹೂಳು ತೆಗೆಯಲು ಇಷ್ಟು ಘನ ಮೀಟರ್. ಏರಿಗೆ ಮಣ್ಣು. ಕಲ್ಲು ಜೋಡಣೆ. ಮೆಟ್ಟಿಲು. ತೂಬಿನ ದುರಸ್ತಿ. ಕಮಾನು. ನಾಮಫಲಕ.

ಕಾಲುವೆ ಎಂಬ ಸಾಲೇ ಇರಲಿಲ್ಲ.

ಕದ್ದಿದ್ದಾರೆ ಎಂದು ಕೂಗಾಡಲು ಬಂದ ಕೆಲವು ಹುಡುಗರಿಗೆ ನಾನು ಹೇಳಿದ್ದು ಇದನ್ನೇ: ಪಟ್ಟಿಯಲ್ಲಿ ಇದ್ದದ್ದನ್ನೆಲ್ಲ ಮಾಡಿದ್ದಾರೆ. ಪಟ್ಟಿ ಬರೆಯುವ ದಿನ ನಾವು ಇರಲಿಲ್ಲ. ಬರೆದವರು ಏರಿಯ ಮೇಲೆ ಬಂದು, ಕೆರೆಯ ಅಂಗಳ ನೋಡಿ, ಅಳತೆ ತೆಗೆದುಕೊಂಡು ಹೋಗಿದ್ದರು. ಕಾಲುವೆ ಏರಿಯಿಂದ ಕಾಣಿಸುವುದಿಲ್ಲ. ಅದು ಎಲ್ಲಿದೆ ಎಂದು ತಿಳಿದಿದ್ದ ಮನುಷ್ಯ ಕೂಗಳತೆಯ ದೂರದಲ್ಲಿ ಮನೆಯ ಜಗುಲಿಯ ಮೇಲೆ ಕುಳಿತಿದ್ದರು. ಯಾರೂ ಕೇಳಲಿಲ್ಲ, ಅವರಾಗಿ ಹೋಗಿ ಹೇಳುವ ಧೈರ್ಯ ಅವರಿಗೆ ಈ ಊರು ಕೊಟ್ಟಿರಲಿಲ್ಲ.

ಕುಡಿಯುವ ನೀರಿನ ಯೋಜನೆಯಲ್ಲೂ ಇದೇ ನೋವು ನನಗಿದೆ. ಜಲ ಜೀವನ್ ಮಿಷನ್ 2019ರಲ್ಲಿ ಘೋಷಣೆಯಾಯಿತು, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂದು ಕರೆದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಹತ್ತನೇ ಒಂದು ಪಾಲು ಊರಿನವರದು, ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಲ್ಲಿ ಇಪ್ಪತ್ತನೇ ಒಂದು. ಹಣ ಇಲ್ಲದವರು ದುಡಿಮೆಯ ರೂಪದಲ್ಲೂ ಕೊಡಬಹುದು. ಈ ಪಾಲನ್ನು ಹೊರೆ ಎನ್ನುವವರಿದ್ದಾರೆ, ನನಗೆ ಹಾಗೆ ಅನಿಸುವುದಿಲ್ಲ. ಪಾಲು ಕೊಟ್ಟವನಿಗೆ ಲೆಕ್ಕ ಕೇಳುವ ಬಾಯಿ ಇರುತ್ತದೆ. ನಮ್ಮಲ್ಲಿ ಆದದ್ದೇ ಬೇರೆ. ಮನೆ ಮನೆಗೆ ಹೋಗಿ ವಸೂಲಿ ಮಾಡುವುದು ಯಾರಿಗೆ ಬೇಕು ಎಂದು, ಅನುಕೂಲಸ್ಥರೊಬ್ಬರು ಊರಿನ ಪಾಲನ್ನು ತಾವೇ ಕಟ್ಟಿಬಿಟ್ಟರು. ಎಲ್ಲರಿಗೂ ಸಂತೋಷವಾಯಿತು. ಆಮೇಲೆ ಪೈಪಿಗಾಗಿ ಅಗೆದ ಕಾಂಕ್ರೀಟ್ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚದಿದ್ದಾಗ, ನಮ್ಮ ಕಾಲೊನಿಯ ಕೊನೆಯ ಬೀದಿಗೆ ಮೂರು ದಿನಕ್ಕೊಮ್ಮೆ ನೀರು ಬರುವಾಗ, ಕೇಳಲು ಹೋದವರಿಗೆ ಸಿಕ್ಕ ಉತ್ತರ: "ನೀವೇನು ದುಡ್ಡು ಕಟ್ಟಿದ್ದೀರಾ?" ನಮ್ಮ ಪಾಲು ಕಟ್ಟಿದವರು ನಮ್ಮ ಬಾಯನ್ನೂ ಕಟ್ಟಿದ್ದರು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರ ಪಟ್ಟಿ ನೋಡಿದರೆ ಅದರಲ್ಲಿ ನನ್ನ ಅಮ್ಮನ ಹೆಸರಿತ್ತು. ಅಮ್ಮನಿಗೆ ಅದು ನಾನು ಹೇಳುವವರೆಗೆ ಗೊತ್ತಿರಲಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೋ ಅವರಿಗೆ ನೆನಪಿಲ್ಲ.

ಹಾಗಾಗಿ 2023ರ ವಾರ್ಡ್ ಸಭೆಗೆ ನಾನು ಬರಿಗೈಯಲ್ಲಿ ಹೋಗಲಿಲ್ಲ. ಅದು ಬರದ ವರ್ಷ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಸಾರಿತ್ತು. ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಗೆ ಬೇಡಿಕೆ ಪಡೆಯುವ ಸಭೆ. ಸಾಮಾನ್ಯವಾಗಿ ಆ ಸಭೆಗೆ ಹತ್ತು ಹದಿನೈದು ಜನ ಬರುತ್ತಾರೆ, ಹಾಜರಿ ಪುಸ್ತಕ ಮಾತ್ರ ಆಮೇಲೆ ಮನೆ ಮನೆ ಸುತ್ತುತ್ತದೆ. ಆ ಸಲ ನಾನು ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ವಾರದ ಮುಂಚೆಯೇ ಹಳೆಯ ಪಟ್ಟಿಯನ್ನು ಓದಿ ಹೇಳಿದ್ದೆ. ಸಭೆಯಲ್ಲಿ ಎದ್ದು ನಿಂತು ಹನ್ನೊಂದು ಪುಟಗಳನ್ನೂ ಕನ್ನಡದಲ್ಲಿ ಓದಿದೆ. ಕಮಾನಿನ ಮೊತ್ತ ಓದಿದಾಗ ಗುಸುಗುಸು ಎದ್ದಿತು. ಓದಿ ಮುಗಿದ ಮೇಲೆ ದೊಡ್ಡಮ್ಮ ಎದ್ದು ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ನೀರು ಯಾವ ದಾರಿಯಲ್ಲಿ ಬರುತ್ತದೆ ಎಂದು ಎಲ್ಲಿ ಬರೆದಿದೆ?"

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ನಮ್ಮ ಪಿಡಿಒ ಸಾರ್, ಒಳ್ಳೆಯವರು. ಅವರು ತಡವರಿಸದೆ ಹೇಳಿದರು: "ಬರೆದಿಲ್ಲ ಅಮ್ಮ. ಈ ಸಲ ಬರೆಯೋಣ. ದಾರಿ ತೋರಿಸುವವರು ಯಾರು?"

ಎಲ್ಲರೂ ಹಿಂದಕ್ಕೆ ತಿರುಗಿದರು. ತಾತ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು. ಕುರ್ಚಿ ತಂದು ಮುಂದೆ ಹಾಕಿದರು. ಅವರು ಕೂರಲು ಬಹಳ ಹೊತ್ತು ತೆಗೆದುಕೊಂಡರು.

ಮರುವಾರ ಬೆಳಿಗ್ಗೆ ಎಂಟು ಗಂಟೆಗೆ ಕಾಲುವೆ ನಡೆಯಲು ಹೊರಟೆವು. ತಾತನಿಗೆ 84 ವರ್ಷ, ಕೈಯಲ್ಲಿ ಕೋಲು. ಉದ್ಯೋಗ ಖಾತ್ರಿಯ ತಾಂತ್ರಿಕ ಸಹಾಯಕಿ ಇಪ್ಪತ್ತೈದು ದಾಟದ ಹುಡುಗಿ, ಕೈಯಲ್ಲಿ ಮೊಬೈಲ್ ಮತ್ತು ಟೇಪು. ಇಬ್ಬರು ಸದಸ್ಯರು, ಏಳೆಂಟು ಹೆಂಗಸರು, ಶಾಲೆಗೆ ರಜೆಯಿದ್ದ ಮಕ್ಕಳು. ಗುಡ್ಡದ ಬುಡದಲ್ಲಿ ಮೂರು ಸಣ್ಣ ಹಳ್ಳ ಕೂಡುವ ಜಾಗದಿಂದ ಶುರು. ಅಲ್ಲೇ ತಾತ ಕೋಲು ಊರಿ ನಿಂತರು. ಅವರು ತೋರಿಸಿದ ಕಡೆ ಲಂಟಾನ ಪೊದೆ ಬಿಟ್ಟರೆ ಏನೂ ಇರಲಿಲ್ಲ. "ಇಲ್ಲಿ ಕುಂಟೆ ಇತ್ತು. ಗುಡ್ಡದಿಂದ ಬರುವ ಮಣ್ಣು, ಮರಳು ಎಲ್ಲ ಇಲ್ಲಿ ಇಳಿದು, ತಿಳಿ ನೀರು ಮುಂದೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಇದನ್ನು ಬಾಚಿದರೆ ಕೆರೆಗೆ ಹೂಳು ಬೀಳುವುದಿಲ್ಲ." ಹುಡುಗಿ ಬರೆದುಕೊಂಡಳು. ಕೆರೆಯಿಂದ ಲಾರಿಗಟ್ಟಲೆ ಹೂಳು ತೆಗೆದವರಿಗೆ ಈ ಕುಂಟೆಯ ಸುದ್ದಿ ತಿಳಿದಿರಲಿಲ್ಲ. ತಿಳಿಯದೆ ಮತ್ತೆ ಹತ್ತು ವರ್ಷಕ್ಕೆ ಅದೇ ಹೂಳನ್ನು ತೆಗೆಯಬೇಕಾಗುತ್ತಿತ್ತು.

ಗುಂಡುತೋಪು ದಾಟಿದ ಮೇಲೆ ಕಾಲುವೆ ಹೊಲಗಳ ನಡುವೆ ಸಣ್ಣ ಬದುವಿನಂತೆ ಆಗಿತ್ತು. ಅಗಲ ಎಷ್ಟಿತ್ತು ತಾತ, ಎಂದು ಹುಡುಗಿ ಕೇಳಿದಳು. "ಮೂರು ಮಾರು." ಅವರು ಎರಡೂ ಕೈ ಚಾಚಿ ಒಂದು ಮಾರು ತೋರಿಸಿದರು. ಆಮೇಲೆ ತಾಲ್ಲೂಕಿನಿಂದ ಭೂಮಾಪಕರು ಬಂದು ಗ್ರಾಮ ನಕ್ಷೆ ಹಿಡಿದು ಅಳೆದಾಗ ಐದೂವರೆ ಮೀಟರ್ ಬಂತು. ನಾನು ಲೆಕ್ಕ ಹಾಕಿ ನೋಡಿದೆ. ಮೂರು ಮಾರು ಎಂದರೆ ಹದಿನೆಂಟು ಅಡಿ, ಹದಿನೆಂಟು ಅಡಿ ಎಂದರೆ ಐದೂವರೆ ಮೀಟರ್. ಎಲ್ಲೆಲ್ಲಿ ಹೊಂಗೆ ಮರಗಳು ನಿಂತಿವೆಯೋ ಅಲ್ಲೆಲ್ಲ ದಡ ಗಟ್ಟಿಯಾಗಿದೆ, ಅವುಗಳ ಬುಡ ಮುಟ್ಟಬೇಡಿ ಎಂದು ತಾತ ಎರಡು ಸಲ ಹೇಳಿದರು. ಅದೂ ಪಟ್ಟಿಗೆ ಸೇರಿತು.

ಕಾಲುವೆಯ ಜಾಗ ದಾಖಲೆಯಲ್ಲಿ ಬಿ ಖರಾಬು, ಯಾರ ಸ್ವಂತದ್ದೂ ಅಲ್ಲ. ಆದರೆ ಅದರಲ್ಲಿ ಮೂರು ಕುಟುಂಬದವರು ಉಳುಮೆ ಮಾಡುತ್ತಿದ್ದರು. ಒಬ್ಬರು ನನ್ನ ಸ್ವಂತ ಚಿಕ್ಕಪ್ಪ. ಕಾನೂನಿನ ನೋಟಿಸು ಕಳಿಸುವುದು ಸುಲಭವಿತ್ತು, ಅದರಿಂದ ಕೋರ್ಟಿಗೆ ಹೋಗಿ ಇನ್ನೂ ಹತ್ತು ವರ್ಷ ಕೂರುವುದೂ ಅಷ್ಟೇ ಸುಲಭವಿತ್ತು. ಪಿಡಿಒ ಸಾರ್ ನೋಟಿಸಿಗೆ ಮುನ್ನ ಊರಿನವರೇ ಮಾತಾಡಿ ನೋಡಿ ಎಂದರು. ಚಿಕ್ಕಪ್ಪ ಹಿಪ್ಪುನೇರಳೆ ಹಾಕಿದ್ದರು, ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಲ್ಲಿತ್ತು, ಅಂದರೆ ಗೂಡು ಕಟ್ಟುವ ಮುನ್ನ ಕೊನೆಯ ಸಲ ಪೊರೆ ಬಿಡುವ ಹಂತ. "ಈ ಬೆಳೆ ಗೂಡು ಕಟ್ಟುವವರೆಗೆ ಸೊಪ್ಪು ಕಡಿಯಬೇಡಿ" ಎಂದು ಬೇಡಿಕೊಂಡರು. ಅದು ನ್ಯಾಯವಾಗಿತ್ತು. ಸೊಪ್ಪಿಲ್ಲದೆ ಹುಳು ಸಾಯುವುದನ್ನು ನೋಡಿದ ಯಾರೂ ಆ ಮಾತಿಗೆ ಆಗುವುದಿಲ್ಲ ಎನ್ನಲಾರರು. ಗೂಡು ಮಾರಿ ಬಂದ ಮರುದಿನ ಅವರೇ ಎರಡು ಸಾಲು ಗಿಡ ಕಿತ್ತರು. ಇನ್ನೊಬ್ಬರು ತಿಂಗಳು ಸತಾಯಿಸಿದರು. ಮೂರನೆಯವರು ಇಂದಿಗೂ ಪೂರ್ತಿ ಬಿಟ್ಟಿಲ್ಲ, ಅಲ್ಲಿ ಕಾಲುವೆ ಹನ್ನೆರಡು ಅಡಿ ಅಷ್ಟೇ.

ಕೆಲಸ ಶುರುವಾಗುವ ಮುನ್ನ ಇನ್ನೊಂದು ಪರೀಕ್ಷೆ ಬಂತು. ಒಂದು ಸಂಜೆ ಒಬ್ಬರು ಗ್ರಂಥಾಲಯಕ್ಕೆ ಬಂದು ಕುಳಿತು, ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದರು: ಹಿಟಾಚಿ ತರಿಸಿದರೆ ನಾಲ್ಕು ದಿನದ ಕೆಲಸ. ಉದ್ಯೋಗ ಚೀಟಿ ಇರುವವರ ಹೆಸರು ಹಾಜರಿ ಪಟ್ಟಿಯಲ್ಲಿ ಇರಲಿ, ಕೂಲಿ ಅವರ ಖಾತೆಗೇ ಬರಲಿ, ಬಂದದ್ದರಲ್ಲಿ ಅವರಿಗೂ ಒಂದು ಪಾಲು ಉಳಿಯುತ್ತದೆ, ಯಂತ್ರದ ಬಾಡಿಗೆಯೂ ತೀರುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕೂಲಿಯವರ ಕೆಲಸವನ್ನು ಯಂತ್ರ ಕಸಿದುಕೊಳ್ಳಬಾರದು, ಗುತ್ತಿಗೆದಾರರು ಇರಬಾರದು ಎಂಬುದು ಅವರಿಗೂ ಗೊತ್ತಿತ್ತು. ನಾನು ಉತ್ತರ ಕೊಡಲಿಲ್ಲ. ಮರುದಿನ ಹೆಂಗಸರ ಸಂಘದಲ್ಲಿ ಈ ಮಾತನ್ನು ಇಟ್ಟೆ. ಬರದ ವರ್ಷ, ಎಲ್ಲರ ಮನೆಯಲ್ಲೂ ಹಣದ ಅಡಚಣೆ ಇತ್ತು, ಕೂತಲ್ಲಿಗೆ ಬರುವ ಹಣವನ್ನು ಬೇಡ ಎನ್ನುವುದು ಸಣ್ಣ ಮಾತಲ್ಲ. ದೊಡ್ಡಮ್ಮ ಹೇಳಿದರು: "ನನ್ನ ಹೆಸರಿಗೆ ಬರುವ ಕೂಲಿ ನನ್ನ ಗುದ್ದಲಿಗೆ ಬರಲಿ." ಅಲ್ಲಿಗೆ ಆ ವಿಷಯ ಮುಗಿಯಿತು. ಆ ಬೈಠಕ್ಕಿನಲ್ಲಿ ಹದಿನೇಳು ಹೆಂಗಸರಿದ್ದರು. ಅವರ ಬಗ್ಗೆ ನನಗಿರುವ ಗೌರವ ಹೇಳಿ ಮುಗಿಯುವುದಿಲ್ಲ.

2024ರ ಫೆಬ್ರವರಿಯಲ್ಲಿ 43 ಜನ ಕೆಲಸಕ್ಕೆ ಇಳಿದರು, ಅವರಲ್ಲಿ 31 ಹೆಂಗಸರು. ಬೆಳಿಗ್ಗೆ ಏಳಕ್ಕೆ ಹೋಗಿ ಬಿಸಿಲು ಏರುವ ಮುನ್ನ ಮುಗಿಸುವುದು. ಕೂಲಿ ದಿನಕ್ಕೆ 316 ರೂಪಾಯಿ ಇತ್ತು, ಏಪ್ರಿಲ್ ಒಂದರಿಂದ 349 ಆಯಿತು. ಕಾಯಕ ಬಂಧು, ಅಂದರೆ ಕೂಲಿಯವರ ಗುಂಪಿನ ಮುಂದಾಳು, ಆಗಿದ್ದ ಅಕ್ಕ ದಿನಕ್ಕೆ ಎರಡು ಸಲ ಎಲ್ಲರ ಫೋಟೊ ತೆಗೆದು ಹಾಜರಾತಿ ಕಳಿಸಬೇಕಿತ್ತು, ಗುಡ್ಡದ ಬುಡದಲ್ಲಿ ಸಿಗ್ನಲ್ ಸಿಗದೆ ಮೊಬೈಲ್ ಎತ್ತಿ ಹಿಡಿದು ಓಡಾಡುತ್ತಿದ್ದರು. ಫೋಟೊ ಹೋಗದಿದ್ದರೆ ದುಡಿದ ದಿನ ದುಡಿಯದ ದಿನವಾಗುತ್ತದೆ. ಇದು ಕಷ್ಟ ಎಂದು ಮೇಲಿನವರಿಗೆ ಹೇಳುತ್ತಲೇ ಇದ್ದೇವೆ. ಜಾಲಿಯ ಬೇರು ಎಲ್ಲಕ್ಕಿಂತ ಸತಾಯಿಸಿತು. ಒಂದೊಂದು ಬೊಡ್ಡೆಗೆ ನಾಲ್ವರು ಅರ್ಧ ದಿನ. ಒಂದು ಕಡೆ ಹದಿನೈದು ಅಡಿ ಉದ್ದ ಬಂಡೆ ಸಿಕ್ಕಿತು, ಅದನ್ನು ಒಡೆಸಲು ಪಂಚಾಯಿತಿ ತನ್ನ ಸ್ವಂತ ವರಮಾನದಿಂದ ಹಣ ಕೊಟ್ಟಿತು.

ಮೂರನೆಯ ವಾರದ ಕೂಲಿ ಕಡಿಮೆ ಬಂತು. ಹೆಂಗಸರು ಕೆಲಸ ನಿಲ್ಲಿಸಿ ಕುಳಿತರು. ತಾಂತ್ರಿಕ ಸಹಾಯಕಿ ಅಳತೆ ಪುಸ್ತಕ ತಂದು ಎಲ್ಲರ ಮುಂದೆ ತೆರೆದಳು. ಬೇರು ತುಂಬಿದ ಗಟ್ಟಿ ನೆಲವನ್ನು ಮೆತ್ತನೆಯ ಮಣ್ಣು ಎಂದು ಬರೆದಿತ್ತು, ಅದರಿಂದಲೇ ಕೂಲಿ ಇಳಿದಿತ್ತು. ತಪ್ಪು ನನ್ನದೇ ಎಂದು ಅವಳು ಒಪ್ಪಿಕೊಂಡು, ಅಲ್ಲೇ ಮತ್ತೆ ಟೇಪು ಹಿಡಿದು ಅಳೆದಳು. ಟೇಪಿನ ಇನ್ನೊಂದು ತುದಿಯನ್ನು ಹಿಡಿದಿದ್ದವರು ಕೂಲಿಯ ಹೆಂಗಸರು. ಸರ್ಕಾರ ಮತ್ತು ಊರು ಜೊತೆಯಾಗಿ ಕೆಲಸ ಮಾಡುವುದು ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ಆ ಟೇಪಿನ ಎರಡು ತುದಿಗಳೇ ನನಗೆ ನೆನಪಿಗೆ ಬರುತ್ತವೆ. ಅವಳು ಆಮೇಲೆ ಬೇರೆ ತಾಲ್ಲೂಕಿಗೆ ಹೋದಳು. ಹೋಗುವ ದಿನ ತಾತನ ಕಾಲಿಗೆ ನಮಸ್ಕರಿಸಿ ಹೋದಳು.

ನಡುವೆ ಲೋಕಸಭೆ ಚುನಾವಣೆ ಬಂತು, ಕೂಲಿ ಕೆಲವು ವಾರ ತಡವಾಯಿತು, ಮೇ ತಿಂಗಳಿಗೆ ಕೆಲಸ ಮುಗಿಯಿತು.

ಈ ಎಲ್ಲದರ ನಡುವೆ ಕೆಲವರು ಕೇಳುತ್ತಿದ್ದ ಪ್ರಶ್ನೆಗೂ ಇಲ್ಲಿ ಉತ್ತರಿಸುತ್ತೇನೆ. ಬೆಂಗಳೂರಿನ ಸಂಸ್ಕರಿಸಿದ ನೀರು ಹೇಗೂ ಬರುತ್ತದಲ್ಲ, ಕಾಲುವೆಗೆ ಯಾಕಿಷ್ಟು ಕಷ್ಟ ಎಂದು. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳಿಗೆ ಎಂಬ ಯೋಜನೆ. ನೀರು ಬಂದ ಊರುಗಳಲ್ಲಿ ಬತ್ತಿದ ಕೊಳವೆಬಾವಿಗಳು ಮತ್ತೆ ಬಂದಿವೆ ಎನ್ನುವ ರೈತರನ್ನು ನಾನೇ ಮಾತಾಡಿಸಿದ್ದೇನೆ, ಅವರ ಸಂತೋಷ ನಿಜ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಎಂದು ಕೇಳುವವರ ಆತಂಕವೂ ನಿಜ, ಅದು ನ್ಯಾಯಾಲಯದವರೆಗೆ ಹೋಗಿ ಬಂದಿದೆ. ಆದರೆ ನಮ್ಮ ಗುಡ್ಡದ ಮೇಲೆ ಬೀಳುವ ಮಳೆ ನಮ್ಮದು. ಅದನ್ನು ಬಿಟ್ಟುಬಿಟ್ಟು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದ ಪೈಪಿನ ಕಡೆ ನೋಡುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಜೋರಾಗಿ ಮಳೆ ಬಂತು. ಬೆಳಗಿನ ಜಾವ ನಾಲ್ಕಕ್ಕೆ ತಾತ ನನ್ನ ಬಾಗಿಲು ಬಡಿದರು. ಟಾರ್ಚು ಹಿಡಿದು ಸ್ಕೂಟರಿನಲ್ಲಿ ಹೋದೆವು. ಗುಂಡುತೋಪಿನ ಪಕ್ಕ ಕಾಲುವೆ ಮೂರು ಮಾರು ಅಗಲಕ್ಕೂ ಕೆಂಪಗೆ ಹರಿಯುತ್ತಿತ್ತು. ತಾತ ಚಪ್ಪಲಿ ಬಿಟ್ಟು ದಡದಲ್ಲಿ ಕುಳಿತು ಕಾಲು ಇಳಿಬಿಟ್ಟರು. ನಾನು ಏನೂ ಮಾತಾಡಲಿಲ್ಲ.

ಕೆರೆಯಲ್ಲಿ ತೂಬಿನ ನಾಲ್ಕನೆಯ ಕಲ್ಲು ಮುಳುಗಿತು. ಕೋಡಿಗೆ ಇನ್ನೂ ನಾಲ್ಕು ಅಡಿ ಉಳಿಯಿತು. ಅಷ್ಟು ನೀರೂ ಬರುತ್ತಿತ್ತು, ಆದರೆ ಕಾಲುವೆ ರಸ್ತೆ ದಾಟುವ ಮೋರಿಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಹಾಕಿರುವುದು ಎರಡು ಅಡಿಯ ಎರಡು ಕೊಳವೆ. ಹದಿನೆಂಟು ಅಡಿಯಲ್ಲಿ ಬಂದ ನೀರು ನಾಲ್ಕು ಅಡಿಯಲ್ಲಿ ಹೋಗಲಾರದೆ ಹಿಂದಕ್ಕೆ ನಿಂತು ಒಬ್ಬರ ಟೊಮೆಟೊ ತೋಟಕ್ಕೆ ನುಗ್ಗಿತು. ಆ ಮನೆಯ ಹೆಂಗಸು ಕಾಲುವೆ ಅಗೆಯಲು ಬಂದಿದ್ದವರಲ್ಲಿ ಒಬ್ಬರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಅಂದು ಕಾಲುವೆ ನಡೆಯುವಾಗ ಮೋರಿಯ ಹತ್ತಿರ ತಾತ ನಿಂತು ಏನೋ ಹೇಳಿದ್ದರು, ರಸ್ತೆ ನಮ್ಮದಲ್ಲ ಎಂದು ನಾವು ಮುಂದೆ ನಡೆದಿದ್ದೆವು. ಅದು ನಮ್ಮ ತಪ್ಪು.

ರಸ್ತೆ ಪಂಚಾಯಿತಿಯದಲ್ಲ, ಬೇರೆ ಇಲಾಖೆಯದು. ಕೆರೆ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದಾದ್ದರಿಂದ ಜಿಲ್ಲಾ ಪಂಚಾಯಿತಿಗೆ ಸೇರಿದ್ದು. ಕಾಲುವೆಯ ಜಾಗ ಕಂದಾಯ ಇಲಾಖೆಯದು. ನೀರಿಗೆ ಈ ಯಾವ ಗಡಿಯೂ ಗೊತ್ತಿಲ್ಲ, ಆದರೆ ನಾವು ಅರ್ಜಿ ಬರೆಯುವಾಗ ಮೂರೂ ಕಡೆಗೆ ಬರೆಯಬೇಕು. ಬರೆದಿದ್ದೇವೆ. ಒಂದು ಕಡೆಯಿಂದ ಸ್ಥಳ ನೋಡಲು ಬರುತ್ತೇವೆ ಎಂಬ ಉತ್ತರ ಬಂದಿದೆ.

ಗ್ರಂಥಾಲಯದ ಹೊರಗೋಡೆಯಲ್ಲಿ ಈಗ ಒಂದು ಕಪ್ಪು ಹಲಗೆ ಇದೆ. ಪಂಚಾಯಿತಿಗೆ ಬರುವ ಪ್ರತಿ ಕಾಮಗಾರಿಯ ಅಂದಾಜು ಪಟ್ಟಿಯನ್ನು ನಾನು ಅದರ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಕೆಲಸ ಶುರುವಾಗುವ ಮುನ್ನ ಹತ್ತು ದಿನ ಅಳಿಸುವುದಿಲ್ಲ. ಚರಂಡಿಯ ಉದ್ದ ಮೂವತ್ತು ಮೀಟರ್ ಹೆಚ್ಚು ಬರೆದಿರುವುದನ್ನು ಎಂಟನೇ ತರಗತಿಯ ಹುಡುಗನೊಬ್ಬ ಹೆಜ್ಜೆ ಹಾಕಿ ಅಳೆದು ಹಿಡಿದ. ಅಂಗನವಾಡಿಯ ಅಡುಗೆ ಕೋಣೆಗೆ ಕಿಟಕಿಯೇ ಇಲ್ಲದ ನಕ್ಷೆಯನ್ನು ಅಲ್ಲಿನ ಸಹಾಯಕಿ ನೋಡಿ ತಿದ್ದಿಸಿದರು.

ಮುಂದಿನ ವಾರ್ಡ್ ಸಭೆ ಬರುವ ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಶಾಲೆಯ ಆವರಣದಲ್ಲಿ. ಮೊದಲ ವಿಷಯ ಮೋರಿ. ಕಾಲುವೆಯ ಪಕ್ಕ ಹೊಲ ಇರುವವರು ಪಹಣಿ ತನ್ನಿ, ಮಳೆಯ ದಿನ ನೀರು ನುಗ್ಗಿದ ಫೋಟೊ ಯಾರ ಮೊಬೈಲಿನಲ್ಲಿದ್ದರೂ ಅಳಿಸದೆ ತನ್ನಿ. ಸಭೆ ಮುಗಿದ ಮೇಲೆ ಎಲ್ಲರೂ ಮೋರಿಯವರೆಗೆ ನಡೆದು ಹೋಗುವುದೆಂದು ಮಾತಾಗಿದೆ. ತಾತನಿಗೆ ಈಗ ಅಷ್ಟು ದೂರ ನಡೆಯಲು ಆಗುವುದಿಲ್ಲ, ನಾನು ಸ್ಕೂಟರಿನಲ್ಲಿ ಕರೆತರುತ್ತೇನೆ.